ಮಾವನವರ ಬಿಳಿ ಪಂಚೆ

೧೯೯೬ರ ನವೆಂಬರ್. ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ನಾವು ಮನೆ ಮಾಡಿ ವರ್ಷವೂ ಆಗಿರಲಿಲ್ಲ. ನನ್ನ ಮಾವನವರು ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಏನೇ ಆದರೂ ಬೆಳಗಿನ ವಾಕಿಂಗ್ ಬಿಡುವವರಲ್ಲ. ಚಳಿ, ಪ್ಯಾಂಟು ಹಾಕಿಕೊಳ್ಳಿ ಎಂದರೆ, "ನಾನೇನು ಆಫೀಸಿಗೆ ಹೋಗ್ತಿದೀನೇನಮ್ಮ?" ಎನ್ನುವರು. ಬಿಳಿ ಪಂಚೆ, ಮೇಲೊಂದು ಕಂದು ಶಾಲು, ಅಷ್ಟೇ.

ಮನೆಯ ಹಿಂದೆ ಕಾಡಿತ್ತು. ಬೇಲಿಯಿಲ್ಲದ್ದರಿಂದ ಅದು ಯಾರದೋ ಜಾಗ ಎಂದು ನಮಗೆ ಹೊಳೆದೇ ಇರಲಿಲ್ಲ. ಆ ಶನಿವಾರ ನಾನೂ ಜೊತೆಗೆ ಹೊರಟೆ. ಮಾವನವರದು ಬಿರುಸು ನಡಿಗೆ. ನನ್ನನ್ನು ಹಿಂದೆ ಹಾಕಿ ಪೊದೆಗಳಾಚೆ ಹೋಗಿಬಿಟ್ಟಿದ್ದರು. ಪಂಚೆಯ ಅಂಚು ಮಾತ್ರ ಆಗಾಗ ಬೆಳ್ಳಗೆ ಕಾಣುತ್ತಿತ್ತು.

ಇದ್ದಕ್ಕಿದ್ದಂತೆ ಮೇಲಿನಿಂದ ಒಂದು ಕೂಗು. "ಡೇಲ್, ಡೋಂಟ್ ಶೂಟ್! ಇಟ್ಸ್ ಎ ಮ್ಯಾನ್!"

ತಲೆಯೆತ್ತಿದರೆ ಮರದ ಮೇಲೆ ಹಲಗೆಯ ಅಟ್ಟಣೆ, ಅದರಲ್ಲಿ ಕೋವಿ ಹಿಡಿದ ಗಡ್ಡದ ಆಸಾಮಿ. ಕೆಳಗೆ ಪೊದೆಯ ಹಿಂದಿನಿಂದ ಇನ್ನೊಬ್ಬ ಎದ್ದ. ಅವನ ಕೋವಿ ಮಾವನವರತ್ತಲೇ ಇತ್ತು. ಮೆಲ್ಲಗೆ ಅದನ್ನು ಕೆಳಗಿಟ್ಟು ಅಲ್ಲೇ ಕುಸಿದು ಕೂತ. ಅಲ್ಲಿಯ ಜಿಂಕೆಗಳದು ಕಂದು ಮೈ, ಬಿಳಿ ಬಾಲ. ಎಲೆಗಳ ಸಂದಿಯಲ್ಲಿ ಅದೇ ಬಣ್ಣ ಅಲ್ಲಾಡಿದ್ದು ಕಂಡು ಟ್ರಿಗರ್ ಮೇಲೆ ಬೆರಳಿಟ್ಟೇಬಿಟ್ಟಿದ್ದನಂತೆ.

ಮಾವನವರು ಹೋಗಿ ಅವನ ಬೆನ್ನು ಸವರಿ, "ಏನೂ ಆಗಿಲ್ವಲ್ಲಪ್ಪ, ಏಳು, ಏಳು" ಎಂದರು, ಕನ್ನಡದಲ್ಲೇ. ಅಷ್ಟು ದೊಡ್ಡ ಆಳು ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ.

ಅವರು ಅಣ್ಣತಮ್ಮಂದಿರು, ಆ ಕಾಡಿನ ಯಜಮಾನರು. ಮನೆಗೆ ಕರೆದು ಕಾಫಿ ಕೊಟ್ಟೆ. ಮರದ ಮೇಲಿದ್ದ ಅಣ್ಣ ರಾಯ್ ಹೇಳಿದ್ದು ಇಷ್ಟು: ಬೇಟೆಗೆ ಮರ ವಾಸಿಯೋ ನೆಲ ವಾಸಿಯೋ ಎಂದು ಇಬ್ಬರಿಗೂ ವರ್ಷಗಳಿಂದ ಜಗಳ. ಮರ ಹತ್ತಿ ಕೂರುವುದು ಸೋಮಾರಿಗಳ ಕೆಲಸ, ಹೆಜ್ಜೆ ಜಾಡು ಹಿಡಿದು ನೆಲದ ಮೇಲೆ ಹೊಂಚುವವನೇ ಬೇಟೆಗಾರ ಎಂದು ಡೇಲ್‌ನ ವಾದ. "ನೀವೇ ತೀರ್ಪು ಕೊಡಿ ಸರ್" ಎಂದು ರಾಯ್ ಮಾವನವರನ್ನೇ ಕೇಳಿದ. ಈರುಳ್ಳಿಯನ್ನೂ ಮುಟ್ಟದ ನಮ್ಮ ಮಾವನವರು ಬೇಟೆಯ ಪಂಚಾಯಿತಿಗೆ ಕೂತರು!

"ಜಿಂಕೇನ ಸುಮ್ನೆ ಬಿಟ್ಬಿಡಿ ಅಂದ್ರೆ ಇವರು ಕೇಳಲ್ಲ. ಮರಾನೇ ಹತ್ತಲಿ ಅಂತ ಹೇಳಮ್ಮ. ಮೇಲಿಂದ ನನ್ನಂಥೋರೂ ಕಾಣ್ತೀವಿ" ಎಂದರು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಮಾರನೆಯ ದಿನ ಡೇಲ್ ತಾನೇ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ತಂದು ಮಾವನವರಿಗೆ ತೊಡಿಸಿದ. "ನಮ್ಮ ಕಾಡಿನಲ್ಲಿ ಎಷ್ಟು ಬೇಕಾದರೂ ನಡೆಯಿರಿ, ಇದೊಂದು ಮೈಮೇಲಿರಲಿ" ಎಂದ. ಪಂಚೆಯ ಮೇಲೆ ಅದನ್ನು ತೊಟ್ಟು ಮಾವನವರು ಚಳಿಗಾಲವಿಡೀ ಓಡಾಡಿದರು. ಅಷ್ಟರಲ್ಲಿ ಕಾಡಿನಲ್ಲಿ ಅಟ್ಟಣೆಗಳು ಎರಡಾಗಿದ್ದವು. ಇವರನ್ನು ಕಂಡೊಡನೆ ಎರಡೂ ಮರಗಳಿಂದ "ಗುಡ್ ಮಾರ್ನಿಂಗ್ ಸರ್!" ಎಂಬ ಕೂಗು. ಆ ಗದ್ದಲಕ್ಕೆ ಜಿಂಕೆ ಎಲ್ಲಿ ನಿಂತೀತು! ಮಾವನವರಿಗೆ ಅದೇ ಖುಷಿ.

ಮಾವನವರು ತೀರಿಕೊಂಡು ಕೆಲವು ವರ್ಷಗಳಾದವು. ಆ ಕಾಡಿನಲ್ಲಿ ಈಗ ಮನೆಗಳೆದ್ದಿವೆ. ಅಂದು ಇನ್ನೂ ಹುಟ್ಟಿರದ ನನ್ನ ಮಗಳು ನಡೆಯಲು ಕಲಿತದ್ದು ಆಮೇಲೊಮ್ಮೆ ಮತ್ತೆ ಬಂದಿದ್ದ ತಾತನ ಬೆರಳು ಹಿಡಿದೇ. ಅವರಿಬ್ಬರ ಹಳೆಯ ಫೋಟೋ ನೋಡಿದಾಗಲೆಲ್ಲ ಮರದ ಮೇಲಿನಿಂದ ಬಂದ ರಾಯ್‌ನ ಆ "ಡೋಂಟ್ ಶೂಟ್!" ಕೂಗು ಕಿವಿಗೆ ಕೇಳುತ್ತದೆ, ಕೈ ತಾನಾಗಿ ಮುಗಿಯುತ್ತದೆ.