ಹಾಜರಿ ಪೂರಾ ಇದ್ದ ತಪ್ಪಿಗೆ

ಹತ್ತಿ ತುಂಬಿ ಗಾದಿ ಹೊಲಿಯುವ ಮೋದಿನಸಾಬ ಅಂದರೆ ಸುತ್ತಲಿನ ಊರಿಗೆಲ್ಲ ಗೊತ್ತು. ಯಂಕಂಚಿಯಿಂದ ಹೊರಗೆ, ಹೊಲದ ದಾರಿಯಲ್ಲಿ ಅವನ ಮನೆ. ನಮ್ಮ ಕಡೆ ಮದುವೆ ಗೊತ್ತಾದರೆ ಬಂಗಾರದ ಅಂಗಡಿಗಿಂತ ಮೊದಲು ಅವನಿಗೆ ಹೇಳಿಕಳಿಸುತ್ತಾರೆ. ಮಾತು ಕಡಿಮೆ, ಹೊಲಿಗೆ ಗಟ್ಟಿ. ಸರ್ಕಾರಿ ಕಾಗದ ಬಂದರೆ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿಯುವ ಮನುಷ್ಯ. ಅವನಿಗೆ ಬಂದ ಪಾಡು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಗಳು ನಿಷತಳಿಗೆ ಹುಟ್ಟಿನಿಂದ ಕಾಲುಗಳಲ್ಲಿ ಬಲವಿಲ್ಲ, ಕೈಗಳೂ ಸೆಟೆದುಕೊಳ್ಳುತ್ತವೆ. ತಲೆ ಮಾತ್ರ ಬಲು ಚುರುಕು. ಗಣಿತದ ಮಾಸ್ತರರಿಗೇ ತಿರುಗಿ ಪ್ರಶ್ನೆ ಹಾಕುವ ಹುಡುಗಿ. ಮೋದಿನಸಾಬ ಸೈಕಲ್ಲಿನ ಹಿಂದೆ ಕುರ್ಚಿಯೊಂದನ್ನು ಬಿಗಿದು, ಹತ್ತಿ ತುಂಬಿದ ಮೆತ್ತೆ ಹೊಲಿದು ಹಾಕಿದ್ದ. ಹಳೆಯ ಸೀರೆಯ ತುಂಡಿನಿಂದ ಮಗಳನ್ನು ಅದಕ್ಕೆ ಕಟ್ಟಿ ಶಾಲೆಗೆ ಒಯ್ಯುತ್ತಿದ್ದ. ಮಳೆಗಾಲದಲ್ಲಿ ಎರಿಮಣ್ಣು ಗಾಲಿಗೆ ಮೆತ್ತಿಕೊಂಡರೆ ಸೈಕಲ್ ಅಲ್ಲೇ ಬಿಟ್ಟು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದ. ಮಗಳ ಶಾಲೆ ಒಂದು ದಿನವೂ ತಪ್ಪಲಿಲ್ಲ.

ನಿಷತ ಎಂಟನೇ ಇಯತ್ತೆಗೆ ಬಂದಳು, ಮೈ ತೂಕವಾಯಿತು. ಒಂದು ದಿನ ಸೈಕಲ್ ಉರುಳಿ ಅವಳ ಮುಂದಿನ ಹಲ್ಲು ಮುರಿಯಿತು. ಇಂಥ ಮಕ್ಕಳಿಗೆ ಸರ್ಕಾರ ಮೂರು ಗಾಲಿಯ ಗಾಡಿ ಕೊಡುತ್ತದೆಂದು ಹೆಡ್ಮಾಸ್ತರರು ತಾವೇ ಅರ್ಜಿ ಬರೆದುಕೊಟ್ಟರು. ಶಿಕ್ಷಣ ಇಲಾಖೆಯ ಕಚೇರಿಯಿಂದ ಉತ್ತರ ಬಂತು: ವಿದ್ಯಾರ್ಥಿನಿಯ ಹಾಜರಾತಿ ಪೂರ್ಣವಾಗಿರುವುದರಿಂದ ಶಾಲೆಗೆ ಬರಲು ಅಡಚಣೆ ಇರುವುದು ಕಂಡುಬಂದಿಲ್ಲ.

ಮೋದಿನಸಾಬ ಮೇಲ್ಮನವಿ ಹಿಡಿದುಕೊಂಡು ಆ ಕಚೇರಿಗೇ ಹೋದ.

"ಅಕಿ ತಾನಾಗಿ ಬರಂಗಿಲ್ರೀ ಸಾಹೇಬ್ರ, ನಾ ಹೊತಗೊಂಡು ಬರ್ತೇನ್ರಿ," ಎಂದ.

"ಹೆಂಗರ ಬರ್ತಾಳಲ್ಲ?" ಎಂದ ಅಲ್ಲಿಯ ಗುಮಾಸ್ತ. "ಕಾಗದದಾಗ ಕಾಲು ಕಾಣಂಗಿಲ್ಲೋ, ಹಾಜರಿ ಅಷ್ಟ ಕಾಣತೈತಿ. ನನ್ನ ಮಾತು ಕೇಳು, ಒಂದೆರಡು ತಿಂಗಳು ಸಾಲಿ ಬಿಡಸು. ತಪಾಸಣಿಗೆ ಬರ್ತಾರ. ಗಾಡಿ ತಾನ ಮಂಜೂರ ಆಗತೈತಿ."

ಮನೆಯಲ್ಲಿ ಹೆಂಡತಿ ಇಮಾಮಬಿ ಸಿಡಿದೆದ್ದಳು. "ಸಾಲಿಗೆ ಹೋಗಾಕ ಗಾಡಿ ಬೇಕಂದ್ರ ಸಾಲಿನ ಬಿಡಬೇಕ? ಅವರಿಗಿ ಬುದ್ಧಿ ಇಲ್ಲಂದ್ರ ನಿನಗರ ಬ್ಯಾಡೇನು?"

"ಓದಿದ ಮಂದಿ ಹೇಳ್ಯಾರ," ಎಂದನಷ್ಟೇ ಮೋದಿನಸಾಬ. ಮರುದಿನದಿಂದ ಮಗಳನ್ನು ಶಾಲೆಗೆ ಒಯ್ಯುವುದು ನಿಲ್ಲಿಸಿದ.

ನಿಷತ ಅತ್ತಳು, ಊಟ ಬಿಟ್ಟಳು, ಅಪ್ಪನೊಡನೆ ಮಾತು ಬಿಟ್ಟಳು. ಶಾಲೆಗೆ ಹೋಗುವ ಹುಡುಗಿಯರು ಕಾಣಲೆಂದು ಬೆಳಿಗ್ಗೆ ಬಾಗಿಲಲ್ಲೇ ಕೂರಿಸಬೇಕೆಂದು ಹಟ ಹಿಡಿದಳು. ಅಪ್ಪ ಅತ್ತ ಬೆನ್ನು ಹಾಕಿ ಹತ್ತಿ ಬಡಿಯುತ್ತ ಕೂತ.

ಕೊನೆಗೊಮ್ಮೆ ತಪಾಸಣೆಗೆ ಅಧಿಕಾರಿ ಬಂದರು, ಕಚೇರಿಯ ಕಾರಿನಲ್ಲಿ. ಗಾದಿ ಒಯ್ಯಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಮೋದಿನಸಾಬನ ಮುಖ ನೋಡಬೇಕಿತ್ತು. ಬೀಗರು ಬಂದಷ್ಟು ಸಂಭ್ರಮ. ಅಧಿಕಾರಿ ಚಹಾ ಕುಡಿದರು, ನಿಷತಳ ಫೋಟೋ ತೆಗೆದರು, ಕಾಗದದ ಮೇಲೆ ಏನೋ ಬರೆದರು.

"ಈ ಮಗಿಗೆ ಸಾಲಿಗೆ ಬರಾಕ ಆಗಂಗಿಲ್ಲ ಅನ್ನೂದು ಖಾತ್ರಿ ಆತು," ಎಂದರು. "ಮನಿಪಾಠಕ್ಕ ಹಾಕೇನಿ. ವಾರಕ್ಕೊಮ್ಮೆ ಟೀಚರ್ ಮನಿಗೇ ಬರ್ತಾರ."

"ಗಾಡಿರೀ?"

"ಮನ್ಯಾಗ ಕಲಿಯೋರಿಗಿ ಗಾಡಿ ಯಾಕೋ?"

ಮೋದಿನಸಾಬ ತಡವರಿಸಿದ. "ಬ್ಯಾಡ್ರೀ ಸಾಹೇಬ್ರ. ಗಾಡಿನೂ ಬ್ಯಾಡ್ರಿ, ಮನಿಪಾಠನೂ ಬ್ಯಾಡ್ರಿ. ನಾಳಿಂದ ನಾನ ಹೊತಗೊಂಡು ಬರ್ತೇನ್ರಿ."

"ಹಂಗಾರ ಬರಾಕ ಆಗತೈತಿ ಅಂದಂಗಾತು. ಸುಳ್ಳು ಅರ್ಜಿ ಕೊಟ್ಟಿದ್ದೇನು? ಕೇಸ್ ಆಗತೈತಿ ನೋಡು."

ಮೋದಿನಸಾಬ ಎರಡೂ ಕೈ ಮುಗಿದ.

ಅಷ್ಟರಲ್ಲಿ ಬಾಗಿಲಿಂದ ನಿಷತ ಕೇಳಿದಳು: "ಸರ್, ನಿಮ್ಮ ಕಾರು ಯಾವ ಕಡೆ ಹೊಂಟೈತ್ರಿ?"

"ಸಾಲಿ ಮುಂದ ಹಾದು ಸಿಂದಗಿಗಿ. ಯಾಕವ್ವ?"

"ನನ್ನನ್ನ ಸಾಲಿ ಹಂತೇಕ ಇಳಿಸ್ರಿ. ಇವತ್ತ ಗಣಿತದ ಪರೀಕ್ಷಾ ಐತಂತ್ರಿ, ಹುಡುಗ್ಯಾರು ಹೇಳ್ಯಾರ."

ಅಧಿಕಾರಿ ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಮಾತಿಗೆ ದೊಡ್ಡವರು ನಗುವ ನಗೆ. "ಸರ್ಕಾರಿ ಗಾಡ್ಯಾಗ ಹೊರಗಿನವರನ್ನ ಕೂಡ್ಸಾಕ ಬರಂಗಿಲ್ಲವ್ವ," ಎಂದು ಹೇಳಿ, ತಮ್ಮ ಚೀಲವನ್ನು ಹಿಂದಿನ ಸೀಟಿಗೆ ಹಾಕಿ, ಮುಂದೆ ಡ್ರೈವರನ ಪಕ್ಕ ಕೂತರು.

ಇಡೀ ಸೀಟು ತನ್ನದೇ ಎಂಬಂತೆ ಒರಗಿಕೊಂಡು ಆ ಚೀಲ ಶಾಲೆಯ ಕಡೆ ಹೋಯಿತು. ನಿಷತ ಧೂಳು ಅಡಗುವ ತನಕ ನೋಡಿದಳು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದವಳು ಆಗ ಅಪ್ಪನ ಕಡೆ ತಿರುಗಿ, "ನನ್ನನ್ನ ಒಳಗ ಕೂಡ್ಸಪಾ," ಎಂದಳು.