ಮಳೆಗಾಲದಲ್ಲಿ ಬೆಲ್ಲದ ವಾಸನೆ

ಇವತ್ತು ಕೊಲ್ಹಾಪುರದಲ್ಲಿ ಕೊಳ್ಳಲೆಂದು ಹಳೆಯ ಎಸ್‌ಯುವಿಯೊಂದನ್ನು ಓಡಿಸಿ ನೋಡುತ್ತಿದ್ದಾಗ ಎಸಿ ಕಿಂಡಿಯಿಂದ ಬೆಲ್ಲ ಕುದಿಯುವಂಥ ವಾಸನೆ ಬಂತು. ಮನಸ್ಸಿನಲ್ಲೇ ನಾನು ನೇರವಾಗಿ ಚಿಕ್ಕಂದಿನ ಅಪ್ಪನ ಸೆಕೆಂಡ್‌ಹ್ಯಾಂಡ್ ಜೀಪಿನೊಳಗೆ ಹೋಗಿ ಕುಳಿತೆ.

ಅಪ್ಪ ಇಚಲಕರಂಜಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ. ಅಂಗಿಯ ತುಂಬ ಗ್ರೀಸು, ಹತ್ತಿಯ ಧೂಳು. ಮಳೆ ಶುರುವಾದ ದಿನಗಳಲ್ಲಿ ಗಡಹಿಂಗ್ಲಜಕ್ಕೆ ಹೊರಟಿದ್ದೆವು. ಹರಿದ ರೆಕ್ಸಿನ್ ಸೀಟು ತೊಡೆಗೆ ಚುಚ್ಚುತ್ತಿತ್ತು. ಸಿಹಿ ವಾಸನೆ ಬಂದದ್ದೇ ನಾನು ಕುಣಿದೆ: "ಅಪ್ಪಾ, ಆಲೆಮನಿ! ಬಿಸಿ ಬೆಲ್ಲ ಕೊಡಸು!"

ಅಪ್ಪನೂ ರಸ್ತೆಬದಿ ಹುಡುಕತೊಡಗಿದ. ಪಕ್ಕದಲ್ಲಿದ್ದ ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಕಬ್ಬು ಇನ್ನೂ ಮೊಣಕಾಲಮಟ ಐತಿ. ಈಗ ಯಾರು ಬೆಲ್ಲಾ ಮಾಡ್ತಾರೋ? ಗಾಡಿ ನಿಂದರಸು!"

ಬಾನೆಟ್ ಎತ್ತಿದರೆ ರೇಡಿಯೇಟರ್ ಪೈಪು ಸೀಳಿಹೋಗಿ, ಇಂಜಿನ್ ತಣ್ಣಗಿಡುವ ಕೂಲಂಟ್ ಬಿಸಿ ಇಂಜಿನ್ನಿನ ಮೇಲೆ ಸುಟ್ಟು ಅದೇ ಸಿಹಿ ವಾಸನೆ ಬರುತ್ತಿತ್ತು. "ಬರೀ ಪೈಪಿನ್ಯಾಗ ಮುಗೀತು. ಇನ್ನೊಂದು ಮೈಲಿ ಹೋಗಿದ್ರ ಇಂಜಿನ್ನೇ ಬಿಚ್ಚಬೇಕಾಗ್ತಿತ್ತು" ಎಂದ ಅಪ್ಪ, ಅಜ್ಜಿಯ ಮುಖ ನೋಡದೆ.

ಇವತ್ತು ಪಕ್ಕದ ಸೀಟಿನಲ್ಲಿದ್ದ ಗಾಡಿ ಮಾರುವವನು ನಕ್ಕ. "ಹತ್ರದಾಗ ಎಲ್ಲೋ ಬೆಲ್ಲಾ ಮಾಡಾಕತ್ತಾರ ನೋಡ್ರಿ, ಅಕ್ಕಾರ."

ಹೊರಗೆ ಜಿಟಿಜಿಟಿ ಮಳೆ. ಗಾಡಿ ನಿಲ್ಲಿಸಿ ಕೀಲಿಯನ್ನು ಅವನ ಕೈಗಿಟ್ಟೆ.

"ಕಬ್ಬು ಇನ್ನೂ ಮೊಣಕಾಲಮಟ ಐತ್ರಿ, ಅಣ್ಣಾರ."