ಬನಿಯನ್ ಬಟ್ಟೆಯ ಫ್ರಾಕು

ನಮ್ಮಕ್ಕ ಬನಿಯನ್ ಬಟ್ಟೆಯಲ್ಲಿ ಫ್ರಾಕು ಹೊಲಿದಳು ಎಂದರೆ ಇವತ್ತು ಯಾರೂ ಹುಬ್ಬೇರಿಸುವುದಿಲ್ಲ. ಎಂಬತ್ತರ ದಶಕದಲ್ಲಿ, ಕನ್ನಡ ಮನೆಮಾತಿನ ನಾವಿದ್ದ ತಮಿಳುನಾಡಿನ ಮಡತ್ತುಕುಳಂನಲ್ಲಿ ಮಾತ್ರ ಅದು ಊರಿಗೆಲ್ಲ ನಗೆಪಾಟಲಾಗಿತ್ತು. ಬನಿಯನ್ ಎಂದರೆ ಗಂಡಸರು ಅಂಗಿಯೊಳಗೆ ಹಾಕಿಕೊಳ್ಳುವ ವಸ್ತು, ಮುಗಿಯಿತು. ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿದ್ದ ನಮ್ಮ ಸೋದರಮಾವ ಉಳಿಕೆ ಬಟ್ಟೆಯನ್ನು ಆಗಾಗ ತಂದುಕೊಡುತ್ತಿದ್ದರು. ಅವ್ವನಿಗೆ ಅದು ನೆಲ ಒರೆಸಲು ಬೇಕು, ಅಕ್ಕನಿಗೆ ಕತ್ತರಿ ಹಾಕಲು ಬೇಕು. ಮನೆಯಲ್ಲಿ ಜಗಳಕ್ಕೆ ಅಷ್ಟು ಸಾಕಾಗಿತ್ತು.

ಅಂಥ ಬಿಳಿ ಬಟ್ಟೆಯ ಫ್ರಾಕೊಂದರ ಫೋಟೋ ಕಳಿಸಿ, ಕೊಯಮತ್ತೂರಿನ ಮಹಿಳಾ ಸಂಘವೊಂದು ನಡೆಸುತ್ತಿದ್ದ ಉಡುಪು ವಿನ್ಯಾಸ ಸ್ಪರ್ಧೆಯ ಕೊನೆಯ ಸುತ್ತಿಗೆ ಅಕ್ಕ ಆಯ್ಕೆಯಾಗಿಬಿಟ್ಟಳು. ಗೆದ್ದವರಿಗೆ ತಿರುಪ್ಪೂರಿನ ರಫ್ತು ಕಂಪೆನಿಯೊಂದರಲ್ಲಿ ಹೊಸ ಮಾದರಿಯ ಉಡುಪು ರೂಪಿಸುವ ಕೆಲಸ ಸಿಗುತ್ತಿತ್ತು. ಅಪ್ಪ ಕಬ್ಬಿನ ತೋಟದಿಂದ ಬಂದವನು ಕಾಲು ತೊಳೆಯುತ್ತಲೇ ತೀರ್ಪು ಕೊಟ್ಟ: "ಗೆದ್ರೆ ತಿರುಪ್ಪೂರ್ಗೆ ಹೋಗು. ಇಲ್ದಿದ್ರೆ ಟೀಚರ್ ಟ್ರೈನಿಂಗು. ಆಮ್ಯಾಕೆ ಈ ಹೊಲ್ಗೆ ಮಿಷಿನ್ ಮಾತು ಎತ್ಕೂಡ್ದು."

ಅಕ್ಕನಿಗೆ ಮಕ್ಕಳಿಗೆ ಪಾಠ ಹೇಳುವುದೆಂದರೆ ಮೈ ಉರಿಯುತ್ತಿತ್ತು. ತಂಗಿಯಾದ ನನ್ನೊಬ್ಬಳನ್ನು ಕಂಡರೇ ಆಗದವಳು ಒಂದು ಕ್ಲಾಸು ತುಂಬ ಮಕ್ಕಳನ್ನು ಹೇಗೆ ಸಹಿಸಿಯಾಳು? ಆದರೆ ಫ್ರಾಕು ಹಾಕಿಕೊಂಡು ವೇದಿಕೆಯ ಮೇಲೆ ನಡೆಯಲು ಒಂದು ಬಡಕಲು ಮೈ ಬೇಕಿತ್ತು, ಅದು ನನ್ನ ಹತ್ತಿರ ಇತ್ತು. ಆ ವಾರವೆಲ್ಲ ಅವಳು ನನ್ನನ್ನು ಮುದ್ದಿನಿಂದ "ಕಣ್ಣು" ಎಂದೇ ಕರೆದಳು.

ಸ್ಪರ್ಧೆ ನಡೆದದ್ದು ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಸಭಾಭವನದಲ್ಲಿ. ಅಪ್ಪ ಹಿಂದಿನ ಸಾಲಿನಲ್ಲಿ ಕೂತ. ನಾವು ಮೂವರು ಹೆಂಗಸರು ಪಕ್ಕದ ಕೋಣೆಗೆ ಹೋದೆವು. ಅಲ್ಲಿ ರೇಷ್ಮೆ, ಜರಿ, ಮಿಂಚು ಬಿಟ್ಟು ಬೇರೆ ಮಾತಿಲ್ಲ. ಪೆರಿಯನಾಯಕನಪಾಳ್ಯಂನಿಂದ ಬಂದಿದ್ದ ಮಿಲ್ ಅಧಿಕಾರಿಯ ಮಗಳೊಬ್ಬಳು ನವಿಲು ಬಣ್ಣದ ಲಂಗ ಹೊಲಿದು ತಂದಿದ್ದಳು. ಕುರ್ಚಿಯ ಮೇಲೆ ಹರಡಿದ್ದ ನಮ್ಮ ಫ್ರಾಕನ್ನು ನೋಡಿ, "ಇದು ಒಳಗೆ ಹಾಕೋದಾ?" ಎಂದು ತಮಿಳಿನಲ್ಲಿ ಕೇಳಿದಳು. "ಹೌದು, ಮೇಲೆ ಹಾಕೋದನ್ನ ನೀನು ತಂದಿದೀಯಲ್ಲ" ಎಂದೆ ನಾನು, ತಮಿಳಿನಲ್ಲೇ. ಅಕ್ಕ ನನ್ನ ತೋಳು ಚಿವುಟಿ, ತನ್ನ ಸರದಿಯ ಸಂಖ್ಯೆ ತರಲು ಹೊರಗೆ ಹೋದಳು.

ಆ ಹುಡುಗಿಯ ಮಾತು ಅವ್ವನಿಗೂ ತಾಗಿತ್ತು. ಬಟ್ಟೆಗೆ ದೃಷ್ಟಿಯಾಯಿತು ಎಂದುಕೊಂಡಳು. ನಮ್ಮ ಮನೆಯಲ್ಲಿ ಹೊಸ ಬಟ್ಟೆಯ ಮೂಲೆಗೆ ಒಂದು ಬೊಟ್ಟು ಅರಿಶಿನ ಇಡದೆ ಯಾರೂ ಉಡುವುದಿಲ್ಲ. ಅಪ್ಪನ ಟವೆಲ್ಲಿಗೂ ಅದು ತಪ್ಪಿದ್ದಲ್ಲ. ಸೀರೆಯಾದರೆ ಒಳಸೆರಗಿನ ಮೂಲೆ ಇದೆ, ಕಾಣುವುದಿಲ್ಲ. ಕೊಳವೆಯ ಹಾಗೆ ಹೆಣೆದ ಬಟ್ಟೆಯ ಫ್ರಾಕಿಗೆ ಮೂಲೆ ಎಲ್ಲಿಂದ ಬರಬೇಕು? ಅವ್ವ ಚೀಲದಿಂದ ಅರಿಶಿನದ ಡಬ್ಬಿ ತೆಗೆದು, ನೀರಲ್ಲಿ ಕಲಸಿ, ಮುಂಭಾಗದ ಅಂಚಿಗೇ ಇಟ್ಟುಬಿಟ್ಟಳು.

ಬನಿಯನ್ ಬಟ್ಟೆ ನೀರು ಕುಡಿಯುವುದನ್ನು ನೋಡಿದವರಿಗೆ ಮುಂದಿನದು ಗೊತ್ತು. ಬೊಟ್ಟು ನೋಡನೋಡುತ್ತ ರೂಪಾಯಿಯಗಲ ಹರಡಿತು. ನಾನು ಕಿರುಚಿಕೊಂಡು ಫ್ರಾಕನ್ನು ನಲ್ಲಿಯ ಹತ್ತಿರ ಒಯ್ದು, ಅಲ್ಲಿದ್ದ ಸೋಪು ಒತ್ತಿದೆ. ಅರಿಶಿನಕ್ಕೆ ಸೋಪು ಬಿದ್ದರೆ ಏನಾಗುತ್ತದೆ ಎಂದು ಆ ಗಾಬರಿಯಲ್ಲಿ ಯಾರಿಗೆ ನೆನಪಾಗಬೇಕು! ಹಳದಿಯ ನಡುವೆ ಕೆಂಪು ಕಣ್ಣು ಬಿಟ್ಟಿತು.

"ಏನಾತು ಈಗ? ಹೊಸ ತುಣಿಗೆ ಅರ್ಸಣ ಇಕ್ಕದೆ ಉಡ್ತಾರಾ?" ಎಂದು ಅವ್ವ ನನ್ನನ್ನೇ ದಬಾಯಿಸಿದಳು.

ಅಕ್ಕ ಒಳಗೆ ಬಂದು ನೋಡಿದಳು. ಈಗ ಗೋಳೋ ಎನ್ನುತ್ತಾಳೆ ಎಂದುಕೊಂಡೆ. ಅವಳು ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ದೂರ ಸರಿಸಿ, ತಲೆ ಓರೆ ಮಾಡಿ ನೋಡಿದಳು.

"ಅವ್ವಾ, ಇನ್ನೂ ಐತಾ ಅರ್ಸಣ?"

"ಡಬ್ಬಿ ತುಂಬ ಐತೆ."

"ಗಟ್ಟಿಯಾಗಿ ಕಲ್ಸು. ಕಣ್ಣು, ನೀ ಸೋಪ್ ತಗೊಂಡ್ ಬಾ."

ಅಂಚಿನ ಸುತ್ತಲೂ ಅವ್ವ ಬೊಟ್ಟಿಟ್ಟಳು, ಅಕ್ಕ ಪ್ರತಿ ಬೊಟ್ಟಿನ ನಡುವಿಗೆ ಕಿರುಬೆರಳಿನಿಂದ ಸೋಪು ಮುಟ್ಟಿಸಿದಳು. ಹಿಂಭಾಗದಲ್ಲಿ ಸಾಲು ಮೇಲೇರಿಸಿ ಸೊಂಟದವರೆಗೆ ಒಯ್ದು, ಅಲ್ಲಿಗೆ ನಿಲ್ಲಿಸಿದಳು. ಬರೀ ಬಿಳಿಯಾಗಿದ್ದಾಗ ಆ ಫ್ರಾಕಿನ ಕತ್ತರಿಕೆ ಎಷ್ಟು ಚೆಂದ ಎಂದು ನನಗೇ ಕಂಡಿರಲಿಲ್ಲ. ಈಗ ಕಂಡಿತು.

ನಮ್ಮ ಸಂಖ್ಯೆ ಕೂಗಿದಾಗ ಅಂಚು ಇನ್ನೂ ಒದ್ದೆ. ತಣ್ಣಗೆ ಮೊಣಕಾಲಿಗೆ ಅಂಟುತ್ತಿತ್ತು. ನಡೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ನವಿಲು ಲಂಗದವಳ ಮೇಲಿನ ಸಿಟ್ಟಿನಲ್ಲೇ ತಲೆಯೆತ್ತಿ ನಡೆದೆ. ತೀರ್ಪುಗಾರರ ಮೇಜಿನ ಮುಂದೆ ನಿಂತಾಗ, ಅವರಲ್ಲಿ ಒಬ್ಬರಾದ ಆ ರಫ್ತು ಕಂಪೆನಿಯ ಯಜಮಾನರು ಎದ್ದುಬಂದು ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. ಹೆಬ್ಬೆರಳು ಹಳದಿಯಾಯಿತು. ಅದನ್ನು ಸಭೆಗೆ ತೋರಿಸಿದರು. ಎಲ್ಲರೂ ನಕ್ಕರು. ಅಕ್ಕನಿಗೆ ಟೀಚರ್ ಟ್ರೈನಿಂಗ್ ಬಾಗಿಲು ತೆರೆದು ನಿಂತ ಹಾಗಾಯಿತು.

ಅವರು ಅಕ್ಕನನ್ನು ಕರೆದು, "ತೊಳೆದರೆ ಹೋಗುವ ಬಣ್ಣ ಹಾಕಿದ್ದೀಯಲ್ಲಮ್ಮಾ?" ಎಂದರು.

ಅಕ್ಕ ಫ್ರಾಕಿನ ಅಂಚು ಹಿಡಿದು ತೋರಿಸಿದಳು. "ಹೋಗುತ್ತೆ ಸಾರ್. ಮೊದಲ ಬೊಟ್ಟು ಇಟ್ಟದ್ದು ನಮ್ಮಮ್ಮ, ಹೊಸ ಬಟ್ಟೆಗೆ ನಾವು ಇಡಲೇಬೇಕು. ಉಳಿದದ್ದು ನಾನು ಈಗತಾನೇ ಒಳಗೆ ಕೂತು ಮಾಡಿದ್ದು. ಬಣ್ಣ ನಿಲ್ಲಿಸೋರು ನಿಮ್ಮ ತಿರುಪ್ಪೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲಿ ಇಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ನಾನು ಹೇಳ್ತೀನಿ."

ಈ ಸಲ ನಗು ಬೇರೆ ಥರ ಇತ್ತು. ಯಜಮಾನರು ಫ್ರಾಕಿನ ಹಿಂಭಾಗ ನೋಡಲು ನನ್ನನ್ನು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸಲ ತಿರುಗಿಸಿದರು.

ನವಿಲು ಲಂಗಕ್ಕೆ ಎರಡನೆಯ ಬಹುಮಾನ. ಅದನ್ನು ಕೇಳಿ ನನಗಾದ ಖುಷಿಯನ್ನು ಮುಚ್ಚಿಡುವ ಸಭ್ಯತೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೊದಲ ಬಹುಮಾನಕ್ಕೆ ನಮ್ಮ ಸಂಖ್ಯೆ ಕೂಗಿದಾಗ ನಾನು ಬೆಂಚಿನ ಮೇಲೆ ಹತ್ತಿ ಕುಣಿದೆ. ಅವ್ವ ಅರಿಶಿನದ ಕೈಯಲ್ಲೇ ಅಕ್ಕನ ಕೆನ್ನೆ ಹಿಡಿದಳು. ಎರಡೂ ಕೆನ್ನೆ ಹಳದಿ ಮಾಡಿಕೊಂಡೇ ಅಕ್ಕ ವೇದಿಕೆ ಹತ್ತಿದಳು, ಹಾಗೆಯೇ ಫೋಟೋ ತೆಗೆಸಿಕೊಂಡಳು.

ಕಾರ್ಯಕ್ರಮ ಮುಗಿದ ಮೇಲೆ ಯಜಮಾನರು ಅಪ್ಪನ ಹತ್ತಿರ ಬಂದು, "ಮಗಳನ್ನ ಕಳಿಸ್ತೀರಾ? ಯಾವತ್ತಿಂದ?" ಎಂದು ತಮಿಳಿನಲ್ಲಿ ಕೇಳಿದರು. ಸಂತೆ, ಸೊಸೈಟಿ, ಸಕ್ಕರೆ ಮಿಲ್ಲು ಎಲ್ಲ ಕಡೆ ತಮಿಳಿನಲ್ಲಿ ಜಬರ್ದಸ್ತಾಗಿ ಮಾತಾಡುವ ನಮ್ಮಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅಕ್ಕನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ:

"ನೀನೇ ಹೇಳು ಕಣ್ಣು. ಹೋಗೋಳು ನೀನು."

"ಸೋಮವಾರ ಬರ್ತೀನಿ" ಎಂದಳು ಅಕ್ಕ.